ಬ್ಯಾಂಕ್ ಹರಾಜಿನಲ್ಲಿ ಮನೆ ಕೊಂಡೆ: ಎರಡು ಗಂಟೆಯ ಬಿಡ್, ಐದು ತಿಂಗಳ ಅಲೆದಾಟ

ಸೆಪ್ಟೆಂಬರ್ 9ರ ಮಧ್ಯಾಹ್ನ ಸಬ್ ರಿಜಿಸ್ಟ್ರಾರ್ ಆಫೀಸಿನಿಂದ ಹೊರಗೆ ಬಂದು ಎದುರಿನ ಗಾಡಿಯಲ್ಲಿ ಎಳನೀರು ಕುಡಿದೆವು. "ರೀ, ಇವತ್ತಿಗೆ ಎಲ್ಲಾ ಮುಗೀತಲ್ವಾ?" ಅಂತ ಹೆಂಡತಿ ಕೇಳಿದಳು. ಹೂಂ ಅನ್ನೋಕೆ ಧೈರ್ಯ ಬರಲಿಲ್ಲ. ಹಿಂದೆ ನಾಲ್ಕು ಸಲ ಹೀಗೆ ಹೂಂ ಅಂದು ಪೆಟ್ಟು ತಿಂದಿದ್ದೆ. ಪೇಪರಿನಲ್ಲಿ ಹರಾಜಿನ ನೋಟಿಸ್ ನೋಡಿದ್ದು 2025ರ ಏಪ್ರಿಲ್ 5ರ ಶನಿವಾರ. ಅಲ್ಲಿಂದ ಲೆಕ್ಕ ಹಾಕಿದರೆ 157 ದಿನ. ಅದರಲ್ಲಿ ಹರಾಜು ನಡೆದಿದ್ದು ಎರಡು ಗಂಟೆಗಿಂತ ಕಡಿಮೆ. ಮಿಕ್ಕಿದ್ದೆಲ್ಲ ಕಾಗದ, ಕಾಯುವುದು, ಮತ್ತೆ ಕಾಗದ. ಈ ದಾರಿಗೆ ಇಳಿಯಬೇಕು ಅಂದುಕೊಂಡವರಿಗೆ ನಾನು ಎಡವಿದ ಜಾಗಗಳಾದರೂ ಗೊತ್ತಿರಲಿ ಅಂತ ಬರೆಯುತ್ತಿದ್ದೇನೆ.

ಹನ್ನೊಂದು ವರ್ಷದಿಂದ ಬಾಡಿಗೆ ಮನೆ. ಬೆಂಗಳೂರಿನಲ್ಲಿ ಹೊಸ ಫ್ಲ್ಯಾಟಿನ ರೇಟು ಕೇಳಿ ಕೇಳಿ ಸುಸ್ತಾಗಿತ್ತು. ಆಗ ಆಫೀಸಿನ ಸ್ನೇಹಿತರೊಬ್ಬರು ಬ್ಯಾಂಕ್ ಹರಾಜು ನೋಡು ಅಂದರು. ಸಾಲ ಕಟ್ಟದವರ ಆಸ್ತಿಯನ್ನು ಬ್ಯಾಂಕು ಸರ್ಫೇಸಿ ಕಾಯ್ದೆಯಡಿ ಮಾರುತ್ತದೆ. 2002ರ ಕಾಯ್ದೆ ಅದು. ಮಾರುವ ಮುಂಚೆ ಎರಡು ಪತ್ರಿಕೆಗಳಲ್ಲಿ ಪ್ರಕಟಣೆ ಕೊಡಬೇಕು, ಅದರಲ್ಲಿ ಒಂದು ಸ್ಥಳೀಯ ಭಾಷೆಯದ್ದಾಗಿರಬೇಕು. ಕನ್ನಡ ಪೇಪರುಗಳಲ್ಲಿ ಇರುವೆ ಸಾಲಿನ ಹಾಗೆ ಅಕ್ಷರ ತುಂಬಿರುವ ಅರ್ಧ ಪುಟದ ಜಾಹೀರಾತು ಬರುತ್ತದಲ್ಲ, ಅದೇ. ಸರ್ಕಾರಿ ಬ್ಯಾಂಕುಗಳ ಆಸ್ತಿಗಳೆಲ್ಲ ಒಂದೇ ಕಡೆ ಸಿಗಲಿ ಅಂತ 2025ರ ಜನವರಿಯಿಂದ ಬ್ಯಾಂಕ್‌ನೆಟ್ ಅನ್ನುವ ಪೋರ್ಟಲ್ ಕೂಡ ಇದೆ. ನೋಡುವುದಕ್ಕೆ ದುಡ್ಡು ಕೊಡಬೇಕಿಲ್ಲ. ವಾಟ್ಸಾಪಿನಲ್ಲಿ "ಹರಾಜಿನ ಆಸ್ತಿಗಳ ಪಟ್ಟಿಗೆ 2,000 ಕಳಿಸಿ" ಅನ್ನುವವರು ಸಿಗುತ್ತಾರೆ. ಸುಮ್ನೆ ಬ್ಲಾಕ್ ಮಾಡಿ.

ನನ್ನ ಕಣ್ಣಿಗೆ ಬಿದ್ದಿದ್ದು ಕೆಂಗೇರಿ ಕಡೆಯ ಎರಡು ಬೆಡ್‌ರೂಮಿನ ಫ್ಲ್ಯಾಟ್. ಎರಡನೇ ಮಹಡಿ, ಲಿಫ್ಟ್ ಇಲ್ಲ, 910 ಚದರಡಿ. ಮೆಟ್ರೊ ಸ್ಟೇಷನ್ನಿಗೆ ನಡೆದು ಹೋಗಬಹುದು. ಮೀಸಲು ಬೆಲೆ, ಅಂದರೆ ಇದಕ್ಕಿಂತ ಕಡಿಮೆಗೆ ಮಾರುವುದಿಲ್ಲ ಅನ್ನುವ ಬೆಲೆ, 38,40,000 ರೂಪಾಯಿ. ಅಕ್ಕಪಕ್ಕದ ಕಟ್ಟಡಗಳಲ್ಲಿ ಅಂಥದ್ದೇ ಫ್ಲ್ಯಾಟ್ 50 ಲಕ್ಷದ ಆಸುಪಾಸಿನಲ್ಲಿತ್ತು. ಮೊದಲ ಹರಾಜಿಗೆ ಯಾರೂ ಬಂದಿರಲಿಲ್ಲವಂತೆ, ಹಾಗಾಗಿ ಬೆಲೆ ಇಳಿಸಿ ಎರಡನೇ ಸಲ ಕರೆದಿದ್ದರು. ಮೊದಲ ಹರಾಜಿಗೆ 30 ದಿನದ ನೋಟಿಸ್ ಕೊಡಬೇಕು, ಮರು ಹರಾಜಿಗೆ 15 ದಿನ ಸಾಕು. ಅಂದರೆ ವಿಚಾರಿಸಿಕೊಳ್ಳಲು ನಮಗೆ ಸಿಗುವ ಸಮಯವೂ ಅರ್ಧ.

ಈಗ ನೋಟಿಸ್ ಓದುವ ವಿಷಯ. ದಯವಿಟ್ಟು ಕನ್ನಡಕ ಹಾಕಿಕೊಂಡು ಪೂರ್ತಿ ಓದಿ. ಅದರಲ್ಲಿ ಮೂರು ಮಾತುಗಳಿದ್ದವು. ಒಂದು, "ಎಲ್ಲಿದೆಯೋ ಹಾಗೆ, ಹೇಗಿದೆಯೋ ಹಾಗೆ, ಏನಿದೆಯೋ ಹಾಗೆ". ಅಂದರೆ ನಾಳೆ ಏನೇ ಬಾಕಿ, ಬಿರುಕು, ತಕರಾರು ಬಂದರೂ ನಿಮ್ಮ ತಲೆಗೆ. ಎರಡು, "ಬ್ಯಾಂಕಿಗೆ ತಿಳಿದಿರುವ ಋಣಭಾರ: ತಿಳಿದಿಲ್ಲ". ಋಣಭಾರ ಅಂದರೆ ಆಸ್ತಿಯ ಮೇಲಿರುವ ಸಾಲ, ಬಾಕಿ. ಇದನ್ನು ಓದಿದಾಗ ನಾನು 'ಋಣಭಾರ ಇಲ್ಲ' ಅಂತಲೇ ಅರ್ಥ ಮಾಡಿಕೊಂಡಿದ್ದೆ. ಇಲ್ಲ ಅನ್ನುವುದಕ್ಕೂ ತಿಳಿದಿಲ್ಲ ಅನ್ನುವುದಕ್ಕೂ ಎಷ್ಟು ಸಾವಿರದ ವ್ಯತ್ಯಾಸ ಅಂತ ಆಮೇಲೆ ಗೊತ್ತಾಯಿತು. ಮೂರು, "ಸಾಂಕೇತಿಕ ಸ್ವಾಧೀನ". ಬ್ಯಾಂಕು ಬಾಗಿಲಿಗೆ ನೋಟಿಸ್ ಅಂಟಿಸಿದೆ, ಆದರೆ ಬೀಗ ಅವರ ಕೈಯಲ್ಲಿಲ್ಲ, ಒಳಗೆ ಜನ ಇದ್ದಾರೆ ಅಂತ ಅರ್ಥ.

ಬ್ರಾಂಚಿಗೆ ಹೋಗಿ ಅಧಿಕಾರಿಯನ್ನು ಕೇಳಿದೆ. "ಅಯ್ಯೋ ಅದೇನಿಲ್ಲ ಸರ್, ಒಂದು ತಿಂಗಳಲ್ಲಿ ಖಾಲಿ ಮಾಡಿಸಿ ಕೀ ಕೊಡ್ತೀವಿ" ಅಂದರು. ಕಾಫಿಯನ್ನೂ ಕೊಡಿಸಿದರು. "ಸರ್, ಇದನ್ನ ಒಂದು ಮೇಲ್ ಮಾಡಿಬಿಡಿ" ಅಂದಿದ್ದರೆ ಅವತ್ತೇ ಸತ್ಯ ತಿಳಿಯುತ್ತಿತ್ತು. ನಾನು ಕೇಳಲಿಲ್ಲ. ಕಾಫಿ ಕುಡಿದು ಬಂದೆ.

ಆ ಶನಿವಾರವೇ ಮನೆ ನೋಡಲು ಹೋದೆವು. ಬಾಗಿಲ ಮೇಲೆ ಬ್ಯಾಂಕಿನ ನೋಟಿಸ್ ಅರ್ಧ ಹರಿದಿತ್ತು. ಉಳಿದರ್ಧದ ಮೇಲೆ ಹಾಲಿನವನ ಲೆಕ್ಕ ಬರೆದಿತ್ತು, ಪೆನ್ಸಿಲ್ಲಿನಲ್ಲಿ. ಬೆಲ್ ಒತ್ತಿದರೆ ವಯಸ್ಸಾದ ಒಬ್ಬರು ಅಜ್ಜಿ ಬಾಗಿಲು ತೆಗೆದರು. "ಹರಾಜಿಗೆ ಬಂದ್ರಾ? ಬೆಳಗ್ಗೆ ಇಂದ ನೀವು ಮೂರನೆಯವರು" ಅಂದರು. ಕೋಪ ಇರಲಿಲ್ಲ. ಬೇಸರ ಕೂಡ ಹಳೆಯದಾಗಿ ಹೋಗಿತ್ತು ಅನ್ನಿಸುತ್ತೆ. "ಒಳಗೆ ಬಿಡಬೇಡಿ ಅಂತ ಮಗ ಹೇಳಿದಾನೆ, ಇಲ್ಲಿಂದಲೇ ನೋಡ್ಕೊಳ್ರಪ್ಪಾ" ಅಂತ ಪಕ್ಕಕ್ಕೆ ಸರಿದು ನಿಂತರು. ನಡುಮನೆ, ಅದರಾಚೆ ಅಡುಗೆಮನೆಯ ಕಪ್ಪು ಕಡಪಾ ಕಲ್ಲು, ಒಗೆದ ಬಟ್ಟೆ ತುಂಬಿದ ಬಾಲ್ಕನಿ. ನಾವು ನೋಡಿದ್ದು ಅಷ್ಟೇ. 42 ಲಕ್ಷದ ವ್ಯವಹಾರ, ಹೊಸ್ತಿಲಿನ ಹೊರಗಿಂದ.

ವಾಪಸ್ ಬರುವಾಗ ಹೆಂಡತಿ ಮಾತಾಡಲಿಲ್ಲ. ರಾತ್ರಿ ಊಟ ಮಾಡುವಾಗ "ಬೇರೆಯವರ ಕಣ್ಣೀರಿನ ಮನೆ ನಮಗೆ ಬೇಕಾ?" ಅಂದಳು. ನಾವು ತೆಗೆದುಕೊಳ್ಳದಿದ್ದರೂ ಇನ್ಯಾರೋ ತೆಗೆದುಕೊಳ್ಳುತ್ತಾರೆ ಅಂದೆ. ಇದು ಎಲ್ಲರೂ ಹೇಳುವ ಮಾತು, ನನಗೂ ಗೊತ್ತು.

ಕಾಗದ ಪತ್ರದ ಕೆಲಸ ಚುರುಕಾಗಿ ಆಯಿತು. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲಿನಲ್ಲಿ ಇಸಿ, ಅಂದರೆ ಆಸ್ತಿಯ ಮೇಲಿನ ಋಣಭಾರ ತೋರಿಸುವ ಪತ್ರ, ತೆಗೆಸಿದೆ. ಬ್ಯಾಂಕಿನ ಅಡಮಾನ ಬಿಟ್ಟು ಬೇರೆ ಏನೂ ಇರಲಿಲ್ಲ. ವಕೀಲರು ಸೆರ್ಸೈ ತಾಣದಲ್ಲೂ ಹುಡುಕಿ ನೋಡಿದರು. ಒಂದೇ ಆಸ್ತಿಯನ್ನು ಎರಡು ಬ್ಯಾಂಕಿಗೆ ಅಡ ಇಟ್ಟಿದ್ದರೆ ಅಲ್ಲಿ ಗೊತ್ತಾಗುತ್ತದೆ. ಸಾಲಗಾರರ ಹೆಸರು ಹಾಕಿ ಕೋರ್ಟ್ ಕೇಸುಗಳನ್ನೂ ಹುಡುಕಿದರು. ಕೇಸು ಹುಡುಕುವುದನ್ನು ಯಾರು ಬೇಕಾದರೂ ಮನೆಯಲ್ಲೇ ಕೂತು ಪುಕ್ಕಟೆ ಮಾಡಬಹುದು. ವಕೀಲರ ಫೀಸು 6,000 ಆಯಿತು. ನಾವು ನೋಡದೆ ಬಿಟ್ಟಿದ್ದು ಅಪಾರ್ಟ್‌ಮೆಂಟಿನ ಸಂಘದ ಲೆಕ್ಕವನ್ನು. ಅದು ಯಾವ ಪೋರ್ಟಲಿನಲ್ಲೂ ಇರುವುದಿಲ್ಲ. ಕೆಳಗೆ ಸೆಕ್ಯುರಿಟಿಯವರ ಮೇಜಿನ ಮೇಲಿನ ರಿಜಿಸ್ಟರಿನಲ್ಲಿ ಇರುತ್ತದೆ. ಐದು ನಿಮಿಷ ನಿಂತು ಕೇಳಿದ್ದರೆ ಸಿಗುತ್ತಿತ್ತು.

ಪೋರ್ಟಲಿನಲ್ಲಿ ನೋಂದಣಿಗೆ ಪ್ಯಾನ್, ಆಧಾರ್, ಮೊಬೈಲ್, ಬ್ಯಾಂಕ್ ಖಾತೆಯ ವಿವರ ಬೇಕು. ಆಮೇಲೆ ಇಎಂಡಿ, ಅಂದರೆ ಮುಂಗಡ ಠೇವಣಿ. ಮೀಸಲು ಬೆಲೆಯ ನೂರಕ್ಕೆ ಹತ್ತರಷ್ಟು, 3,84,000. ಏಪ್ರಿಲ್ 22 ಕಡೆಯ ದಿನ. ನಾನು 19ಕ್ಕೇ ಕಟ್ಟಿದೆ. ಕಡೆಯ ದಿನ ಸರ್ವರ್ ಕೈಕೊಟ್ಟರೆ ಯಾರೂ ನಿಮ್ಮ ಮಾತು ಕೇಳುವುದಿಲ್ಲ.

ದುಡ್ಡು ಕಟ್ಟಿದ ಎರಡನೇ ದಿನ ಒಂದು ಫೋನ್ ಬಂತು. ಹೆಸರು ಹೇಳಲಿಲ್ಲ. ಕೆಂಗೇರಿ ಫ್ಲ್ಯಾಟಿಗೆ ನೀವು ಬಿಡ್ ಮಾಡ್ತಿದೀರಲ್ಲ ಅಂದ. ಎದೆ ಧಸಕ್ಕೆಂದಿತು. ಯಾರು ಇಎಂಡಿ ಕಟ್ಟಿದ್ದಾರೆ ಅನ್ನುವುದು ಹರಾಜು ಮುಗಿಯುವ ತನಕ ಗುಟ್ಟಾಗಿರಬೇಕು. ನನ್ನ ನಂಬರು ಇವನಿಗೆ ಹೇಗೆ ಸಿಕ್ಕಿತು? ಮನೆ ನೋಡಲು ಹೋದಾಗ ಸೆಕ್ಯುರಿಟಿ ರಿಜಿಸ್ಟರಿನಲ್ಲಿ ಬರೆದಿದ್ದೆ. ಬ್ರಾಂಚಿನಲ್ಲೂ ಕೊಟ್ಟಿದ್ದೆ. ಎಲ್ಲಿಂದ ಸೋರಿತೋ ಇವತ್ತಿಗೂ ಗೊತ್ತಿಲ್ಲ.

"ಸರ್, ನಾವು ರೆಗ್ಯುಲರ್ ಪಾರ್ಟಿ. ನಾವೂ ಇದಕ್ಕೆ ಇಎಂಡಿ ಹಾಕಿದೀವಿ. 50 ಸಾವಿರ ಕೊಡಿ, ನಾವು ಬಿಡ್ ಮಾಡಲ್ಲ. ನಿಮಗೆ ರಿಸರ್ವ್ ಪ್ರೈಸಿಗೇ ಬೀಳುತ್ತೆ. ಇಲ್ದಿದ್ರೆ ಸುಮ್ನೆ ಮೂರ್ನಾಲ್ಕು ಲಕ್ಷ ಜಾಸ್ತಿ ಕಕ್ಕಬೇಕಾಗುತ್ತೆ."

ಸುಳ್ಳು ಹೇಳುವುದಿಲ್ಲ. ಒಂದು ರಾತ್ರಿ ಯೋಚನೆ ಮಾಡಿದೆ. 50 ಸಾವಿರ ಕೊಟ್ಟು ಮೂರು ಲಕ್ಷ ಉಳಿಯುವುದಾದರೆ ಬೇಡ ಅನ್ನುವವರು ಯಾರು? ಬೆಳಗ್ಗೆ ಎದ್ದು ಬೇಡ ಅಂದಿದ್ದು ನನ್ನ ದೊಡ್ಡತನದಿಂದ ಅಲ್ಲ. ದುಡ್ಡು ತೆಗೆದುಕೊಂಡೂ ಅವನು ಬಿಡ್ ಮಾಡಿದರೆ ನಾನು ಯಾರ ಹತ್ತಿರ ದೂರು ಕೊಡಲಿ ಅನ್ನುವ ಭಯದಿಂದ. "ನೋಡ್ಕೊಳ್ಳಿ ಸರ್, ನಿಮ್ಮಿಷ್ಟ" ಅಂತ ಫೋನ್ ಇಟ್ಟ. ಆ 'ನೋಡ್ಕೊಳ್ಳಿ' ಹರಾಜಿನ ದಿನದ ತನಕ ಕಿವಿಯಲ್ಲೇ ಇತ್ತು.

ಏಪ್ರಿಲ್ 24, ಗುರುವಾರ, ಬೆಳಗ್ಗೆ 11. ರಜೆ ಹಾಕಿದ್ದೆ. ಲ್ಯಾಪ್‌ಟಾಪಿಗೆ ಒಂದು ಇಂಟರ್‌ನೆಟ್, ಪಕ್ಕದಲ್ಲಿ ಮೊಬೈಲಿನ ಇನ್ನೊಂದು. ಕರೆಂಟು ಹೋದರೆ ಇರಲಿ ಅಂತ ಬ್ಯಾಟರಿ ತುಂಬಿಸಿಟ್ಟಿದ್ದೆ. ಒಂದು ಚೀಟಿಯಲ್ಲಿ "42,00,000" ಅಂತ ಬರೆದು ಪರದೆಗೆ ಅಂಟಿಸಿದ್ದೆ. ಅದರ ಮೇಲೆ ಒಂದು ರೂಪಾಯಿಯೂ ಇಲ್ಲ.

11.50ರ ತನಕ ಏನೂ ಆಗಲಿಲ್ಲ. ಪರದೆ ಸುಮ್ಮನೆ ಕೂತಿತ್ತು. ಒಂದೊಂದು ಹೆಜ್ಜೆ 25,000. ಆಮೇಲೆ ಯಾರೋ 38,65,000 ಹಾಕಿದರು. ನಾನು 38,90,000. ಅವರು. ನಾನು. ಹನ್ನೆರಡಕ್ಕೆ ಮುಗಿಯಬೇಕಿತ್ತು. ಆದರೆ ಕೊನೆಯ ಐದು ನಿಮಿಷದಲ್ಲಿ ಯಾರಾದರೂ ಬಿಡ್ ಹಾಕಿದರೆ ಸಮಯ ಮತ್ತೆ ಐದು ನಿಮಿಷ ಮುಂದಕ್ಕೆ ಹೋಗುತ್ತದೆ. ಕೊನೆಯ ಸೆಕೆಂಡಿಗೆ ಕಾದು ಒಂದೇ ಏಟಿಗೆ ಗೆದ್ದುಬಿಡುತ್ತೇನೆ ಅನ್ನುವ ಬುದ್ಧಿವಂತಿಕೆ ಇಲ್ಲಿ ನಡೆಯುವುದಿಲ್ಲ. ಅದು ಒಳ್ಳೆಯದೇ. ಹಳ್ಳಿಯ ಹರಾಜಿನಲ್ಲಿ "ಒಂದು ಸಾರಿ, ಎರಡು ಸಾರಿ" ಅಂತ ನಿಧಾನವಾಗಿ ಕೂಗುತ್ತಾರಲ್ಲ, ಆ ಐದು ನಿಮಿಷ ಅದೇ ಕೆಲಸ ಮಾಡುತ್ತದೆ. ಆದರೆ ಹಳ್ಳಿಯ ಹರಾಜಿನಲ್ಲಿ ಎದುರಿನವನ ಮುಖ ಕಾಣುತ್ತದೆ. ಇಲ್ಲಿ ಕಾಣುವುದು ನಾನು ಮೊದಲ ಸ್ಥಾನದಲ್ಲಿದ್ದೀನೋ ಇಲ್ಲವೋ ಅನ್ನುವುದು ಮಾತ್ರ. ಎದುರಿಗಿರುವವನು ಆ ಫೋನಿನವನಾ? ಮನೆ ಬೇಕಾದ ನನ್ನಂಥವನಾ? ಬೆಲೆ ಏರಿಸೋಕೆ ಯಾರಾದರೂ ಕೂರಿಸಿದವನಾ? ಒಂದೊಂದು 25 ಸಾವಿರ ಒತ್ತುವಾಗಲೂ ಅವನಿಗೆ ಮನಸ್ಸಿನಲ್ಲೇ ಬೈದೆ.

41,65,000 ಅವನದು. ನಾನು 41,90,000 ಒತ್ತಿದೆ. ಚೀಟಿಯ ಪ್ರಕಾರ ಇದು ಕೊನೆ, ಅವನು ಇನ್ನೊಂದು ಸಲ ಒತ್ತಿದರೆ ನಾನು ಎದ್ದು ಹೋಗಬೇಕು. ಐದು ನಿಮಿಷ. ಹೆಂಡತಿ ದೇವರ ಮನೆಗೆ ಹೋದಳು. ನಾನು ಗಡಿಯಾರ ನೋಡುತ್ತಾ ಕೂತೆ. ಅವನು ಒತ್ತಲಿಲ್ಲ. ಒಂದು ಗಂಟೆಗೆ ಎರಡು ನಿಮಿಷ ಇರುವಾಗ ಮುಗಿಯಿತು. ಸಿಹಿ ತರಲು ಅಂಗಡಿಗೆ ಹೋದವನು ಅರ್ಧ ದಾರಿಯಲ್ಲಿ ನಿಂತು ಲೆಕ್ಕ ಹಾಕಿದೆ. ಅವನಿಲ್ಲದಿದ್ದರೆ 38,65,000ಕ್ಕೆ ಸಿಗುತ್ತಿತ್ತು. 3,25,000 ಜಾಸ್ತಿ ಕೊಟ್ಟಿದ್ದೆ. ಮೈಸೂರು ಪಾಕ್ ರುಚಿಸಲಿಲ್ಲ.

ಗೆದ್ದ ಮೇಲೆ ಗಡಿಯಾರ ಇನ್ನೂ ಜೋರಾಗಿ ಓಡುತ್ತದೆ. ಬಿಡ್ ಮೊತ್ತದ ಕಾಲು ಭಾಗವನ್ನು ಅದೇ ದಿನ ಅಥವಾ ಮರುದಿನದ ಬ್ಯಾಂಕ್ ಕೆಲಸದ ವೇಳೆಯೊಳಗೆ ಕಟ್ಟಬೇಕು. ನನ್ನ ಲೆಕ್ಕ 10,47,500. ಇಎಂಡಿ ಕಳೆದು 6,63,500. ಮೊದಲೇ ಎಫ್‌ಡಿ ಮುರಿಸಿ ಇಟ್ಟಿದ್ದರಿಂದ ಶುಕ್ರವಾರ ಹನ್ನೊಂದಕ್ಕೆ ಕಟ್ಟಿದೆ. ಉಳಿದ 31,42,500, ಮಾರಾಟ ಖಚಿತವಾದ ದಿನದಿಂದ 15 ದಿನದೊಳಗೆ. ಕಟ್ಟದಿದ್ದರೆ ಕಟ್ಟಿದ್ದೂ ಹೋಗುತ್ತದೆ. ಇದನ್ನು ನಿಮ್ಮ ಮನೆಯ ಗೋಡೆಯ ಮೇಲೆ ಬರೆದಿಟ್ಟುಕೊಳ್ಳಿ.

ನನ್ನ ಸಂಬಳದ ಖಾತೆ ಇರುವ ಬ್ಯಾಂಕು ಸಾಲ ಕೊಡಲು ಒಪ್ಪಿತ್ತು. 'ಸಾಂಕೇತಿಕ ಸ್ವಾಧೀನ' ಅನ್ನುವ ಪದ ನೋಡಿದ ಕೂಡಲೇ ಕೈ ತೊಳೆದುಕೊಂಡಿತು. ಕೊನೆಗೆ ಹರಾಜು ಹಾಕಿದ ಬ್ಯಾಂಕೇ 26 ಲಕ್ಷ ಕೊಡುತ್ತೇನೆ ಅಂತು. ಅವರ ಆಸ್ತಿ, ಅವರದೇ ಸಾಲ, ಆದರೂ ಬೇರೆ ಬ್ರಾಂಚಿನ ಇನ್ನೊಂದು ಮೇಜು. ಮೌಲ್ಯಮಾಪನ ಮತ್ತೆ, ಕಾನೂನು ಅಭಿಪ್ರಾಯ ಮತ್ತೆ. ಮೇ 2ಕ್ಕೆ ಮಾರಾಟ ಖಚಿತಪಡಿಸಿದ ಪತ್ರ ಬಂತು, 17ಕ್ಕೆ ಗಡುವು. ಸಾಲ ಬರುವ ಲಕ್ಷಣ ಇಲ್ಲ. ಆ ಎರಡು ವಾರ ನಾನು ನಿದ್ದೆ ಮಾಡಿದ್ದು ಕಡಿಮೆ. ವಕೀಲರು ಹೇಳಿದರು, ಎರಡೂ ಕಡೆಯವರು ಲಿಖಿತವಾಗಿ ಒಪ್ಪಿದರೆ ಗಡುವನ್ನು ಹೆಚ್ಚೆಂದರೆ ಮೂರು ತಿಂಗಳ ತನಕ ಬೆಳೆಸಬಹುದು. ಲಿಖಿತವಾಗಿ ಅನ್ನುವುದನ್ನು ಈ ಸಲ ಮರೆಯಲಿಲ್ಲ. ಅರ್ಜಿ ಕೊಟ್ಟು, ಸ್ವೀಕೃತಿ ಸೀಲು ಹಾಕಿಸಿಕೊಂಡು, ಒಪ್ಪಿಗೆ ಪತ್ರ ಕೈಗೆ ಬರುವ ತನಕ ಬ್ರಾಂಚಿನ ಕುರ್ಚಿ ಬಿಡಲಿಲ್ಲ. ಜೂನ್ 9ಕ್ಕೆ ಪೂರ್ತಿ ಕಟ್ಟಿದೆ. 26 ಲಕ್ಷ ಸಾಲ, 4 ಲಕ್ಷ ಒಡವೆಯ ಮೇಲೆ, ಉಳಿದದ್ದು ಭಾವ ಕೊಟ್ಟಿದ್ದು. ಹೆಂಡತಿ ಬಳೆ ಬಿಚ್ಚಿ ಕೊಡುವಾಗ "ಮೇಕಿಂಗ್ ಚಾರ್ಜ್ ಎಷ್ಟು ಕೊಟ್ಟಿದ್ವಿ ಗೊತ್ತಾ" ಅಂತ ಮಾತ್ರ ಅಂದಳು.

ಈ ಮಧ್ಯೆ ಇನ್ನೊಂದು ಸಿಡಿಲು. ಸಾಲಗಾರರು ಬೆಂಗಳೂರಿನ ಸಾಲ ವಸೂಲಾತಿ ನ್ಯಾಯಮಂಡಳಿಗೆ, ಎಲ್ಲರೂ ಡಿಆರ್‌ಟಿ ಅನ್ನುವಲ್ಲಿಗೆ, ಹೋಗಿದ್ದರು. ಹರಾಜೇ ಸರಿಯಿಲ್ಲ, ಬೆಲೆ ಕಡಿಮೆ ಅಂತ ಅರ್ಜಿ. ನನ್ನನ್ನೂ ಪಾರ್ಟಿ ಮಾಡಿದ್ದರು. ಜೀವನದಲ್ಲಿ ಮೊದಲ ಸಲ ಕೋರ್ಟಿನ ನೋಟಿಸ್, ಅದೂ ನಾನು ನೋಡಿಯೇ ಇಲ್ಲದ ಮನುಷ್ಯನಿಂದ. ಸಾಲ ತೀರಿಸಿ ಮನೆ ಬಿಡಿಸಿಕೊಳ್ಳುವ ಹಕ್ಕು ಹರಾಜಿನ ನೋಟಿಸ್ ಪ್ರಕಟವಾಗುವ ತನಕ ಮಾತ್ರ ಅಂತ 2016ರ ತಿದ್ದುಪಡಿ ಹೇಳುತ್ತದೆ, 2023ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿದೆ ಅಂತ ವಕೀಲರು ಸಮಾಧಾನ ಮಾಡಿದರು. ಆದರೆ ಬ್ಯಾಂಕು ನೋಟಿಸ್ ಕೊಡುವುದರಲ್ಲೋ ದಿನ ಎಣಿಸುವುದರಲ್ಲೋ ತಪ್ಪಿದ್ದರೆ ಹರಾಜೇ ರದ್ದಾಗಬಹುದು. ಆಗ ದುಡ್ಡು ವಾಪಸ್ ಬರುತ್ತದೆ, ಯಾವಾಗ ಅಂತ ಕೇಳಬೇಡಿ ಅಂದರು. ತಡೆ ಬೇಕಾದರೆ ಬಾಕಿಯ ಒಂದು ಭಾಗ ಕಟ್ಟಿ ಅಂತ ನ್ಯಾಯಮಂಡಳಿ ಅವರಿಗೆ ಹೇಳಿತು. ಅವರಿಂದ ಆಗಲಿಲ್ಲ. ತಡೆ ಸಿಗಲಿಲ್ಲ. ನನಗೆ ವಕೀಲರ ಫೀಸು ಇನ್ನೂ 15,000. ಜುಲೈ 4ಕ್ಕೆ ಸೇಲ್ ಸರ್ಟಿಫಿಕೇಟ್ ಕೈಗೆ ಬಂತು.

ಸರ್ಟಿಫಿಕೇಟ್ ಇದೆ, ಕೀ ಇಲ್ಲ. ಸಾಲದ ಕಂತು ಶುರುವಾಗಿದೆ, ಬಾಡಿಗೆ 14,000 ನಿಂತಿಲ್ಲ. ಒಂದು ತಿಂಗಳಲ್ಲಿ ಖಾಲಿ ಮಾಡಿಸುತ್ತೇನೆ ಅಂದಿದ್ದ ಅಧಿಕಾರಿಗೆ ವರ್ಗವಾಗಿತ್ತು. ಹೊಸಬರು ಫೈಲ್ ತೆರೆದು, "ಎಲ್ಲೂ ಹಾಗೆ ಬರೆದಿಲ್ವಲ್ಲ ಸರ್" ಅಂದರು. ನಿಜ, ಎಲ್ಲೂ ಬರೆದಿರಲಿಲ್ಲ. ಕೋರ್ಟಿನಿಂದ ಆದೇಶ ತಂದು ಪೊಲೀಸರ ಜೊತೆ ಹೋಗಿ ಬೀಗ ಹಾಕಿಸುವ ದಾರಿ ಇದೆ, ಅದು ಬ್ಯಾಂಕಿನ ಕೆಲಸ, ಅರ್ಜಿ ಹಾಕಿದ್ದೇವೆ ಅಂದರು.

ಆಗ ನಾನೇ ಹೋದೆ. ವಕೀಲರು ಬೇಡ ಅಂದಿದ್ದರು. ಈ ಸಲ ಬಾಗಿಲು ತೆಗೆದವರು ಸಾಲಗಾರರೇ. ನನಗಿಂತ ಏಳೆಂಟು ವರ್ಷ ದೊಡ್ಡವರು. ಪೀಣ್ಯದಲ್ಲಿ ಸಣ್ಣ ವರ್ಕ್‌ಶಾಪ್ ಇತ್ತಂತೆ, ಕೊರೊನಾ ಆದಮೇಲೆ ಆರ್ಡರ್ ನಿಂತು ಮುಚ್ಚಿದರಂತೆ. "ಕೂತ್ಕೊಳ್ಳಿ" ಅಂದರು. ನಾನು ಬೇಗ ಖಾಲಿ ಮಾಡಿ ಅಂತ ಹೇಳುವ ಮೊದಲೇ ಅಜ್ಜಿ ಒಳಗಿಂದ ಬಂದು "ಆಷಾಢದಲ್ಲಿ ಮನೆ ಬದಲಾಯಿಸಲ್ಲಪ್ಪಾ. ಭೀಮನ ಅಮಾವಾಸ್ಯೆ ಕಳೀಲಿ" ಅಂದರು. ಅಷ್ಟು ದಿನ ಕೋರ್ಟು, ಸೆಕ್ಷನ್ನು, ಗಡುವು ಅಂತ ಕೇಳಿದವನಿಗೆ ಇದು ಒಂದು ಗಡುವಿನ ಹಾಗೆ ಕೇಳಿಸಲಿಲ್ಲ. ನಮ್ಮಮ್ಮ ಇದ್ದಿದ್ದರೂ ಇದನ್ನೇ ಹೇಳುತ್ತಿದ್ದರು. ಹೂಂ ಅಂದೆ. ಸಾಗಣೆ ಖರ್ಚಿಗೆ ಏನಾದರೂ ಕೊಡಲಾ ಅಂತ ಕೇಳಿದ್ದಕ್ಕೆ ಅವರು ಬೇಡ ಅಂತ ತಲೆಯಾಡಿಸಿದರು.

ಜುಲೈ 24 ಅಮಾವಾಸ್ಯೆ. 27ರ ಭಾನುವಾರ ಟೆಂಪೊ ಬಂತು. ಬ್ಯಾಂಕಿನವರೊಬ್ಬರು ಬಂದು ಪಂಚನಾಮೆ ಬರೆದು ಕೀ ಕೊಟ್ಟರು. ಎಲ್ಲರೂ ಇಳಿದು ಹೋದ ಮೇಲೆ ಸಾಲಗಾರರು ಒಬ್ಬರೇ ಮೆಟ್ಟಿಲು ಹತ್ತಿ ವಾಪಸ್ ಬಂದರು. ಏನೋ ಮರೆತರು ಅಂದುಕೊಂಡೆ. ನನ್ನನ್ನು ಬಚ್ಚಲಮನೆಗೆ ಕರೆದುಕೊಂಡು ಹೋಗಿ, "ಈ ಗೀಸರ್ ಸ್ವಿಚ್ ಶಾಕ್ ಹೊಡೆಯುತ್ತೆ ಸರ್. ಬರಿಗಾಲಲ್ಲಿ ಮುಟ್ಟಬೇಡಿ, ಚಪ್ಪಲಿ ಹಾಕ್ಕೊಂಡು ಒತ್ತಿ. ಮಕ್ಕಳಿದ್ರೆ ಹುಷಾರು" ಅಂದರು. ಬಾಲ್ಕನಿಯ ಬಾಗಿಲನ್ನು ಸ್ವಲ್ಪ ಎತ್ತಿ ಹಿಡಿದು ಹಾಕಬೇಕು ಅಂತ ಮಾಡಿ ತೋರಿಸಿದರು. ಎರಡು ಸಲ ತೋರಿಸಿದರು. ಆಮೇಲೆ ಇಳಿದು ಹೋದರು.

ಆ ಸಂಜೆಯೇ ಸಂಘದ ಕಾರ್ಯದರ್ಶಿ ಬಂದು ಬಿಲ್ಲು ಕೊಟ್ಟರು. ತಿಂಗಳಿಗೆ 1,800ರಂತೆ 31 ತಿಂಗಳ ನಿರ್ವಹಣೆ ಬಾಕಿ, 55,800. ಬೆಸ್ಕಾಂ ಬಾಕಿ 6,430. ಹಿಂದಿನ ಮಾಲೀಕರ ಕರೆಂಟ್ ಬಾಕಿ ನಾನ್ಯಾಕೆ ಕಟ್ಟಲಿ ಅಂತ ಹಾರಾಡಿದೆ. ಹರಾಜಿನಲ್ಲಿ ಕೊಂಡವರಿಂದಲೂ ನಿಯಮದ ಪ್ರಕಾರ ಹಳೆಯ ಬಾಕಿ ವಸೂಲಿ ಮಾಡಬಹುದು ಅಂತ 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ ಅಂತ ವಕೀಲರು ಫೋನಿನಲ್ಲೇ ತಣ್ಣಗೆ ಮಾಡಿದರು. ಮೂರು ವರ್ಷದ ಕಂದಾಯ 14,200. 'ತಿಳಿದಿಲ್ಲ' ಅನ್ನುವ ಪದದ ಬೆಲೆ ಅಂದೆನಲ್ಲ, ಇದೇ.

ಇನ್ನು ರಿಜಿಸ್ಟ್ರೇಷನ್. ಇ-ಖಾತಾ, ಅಂದರೆ ಆಸ್ತಿಯ ಮಾಲೀಕರು ಯಾರು ಅಂತ ಹೇಳುವ ಪಾಲಿಕೆಯ ಡಿಜಿಟಲ್ ದಾಖಲೆ, ಇಲ್ಲದೆ ಕಾವೇರಿಯಲ್ಲಿ ಕೆಲಸ ಮುಂದಕ್ಕೆ ಹೋಗುವುದಿಲ್ಲ. ನನ್ನ ಫ್ಲ್ಯಾಟಿಗೆ ಇದ್ದಿದ್ದು ಹಳೆಯ ಕಾಗದದ ಖಾತಾ, ಸಾಲಗಾರರ ಹೆಸರಿನಲ್ಲಿ. ಇ-ಖಾತಾ ಮಾಡಿಸಲು ಕ್ರಯಪತ್ರ, ಇಸಿ, ಕಂದಾಯದ ರಸೀದಿ, ಬೆಸ್ಕಾಂ ನಂಬರು, ಮನೆಯ ಫೋಟೊ ಬೇಕು. ಎಲ್ಲಾ ಇತ್ತು. ಕೊನೆಯದಾಗಿ, ಖಾತಾದಲ್ಲಿ ಹೆಸರಿರುವ ಮಾಲೀಕರ ಆಧಾರ್ ದೃಢೀಕರಣ. ಅದಕ್ಕೆ ಅವರ ಮೊಬೈಲಿಗೆ ಓಟಿಪಿ ಹೋಗುತ್ತದೆ. ಮನೆ ಕಳೆದುಕೊಂಡ ಮನುಷ್ಯನ ಮೊಬೈಲಿಗೆ.

ನಾಲ್ಕು ದಿನ ಫೋನ್ ಮಾಡಲಿಲ್ಲ. ಯಾವ ಮುಖ ಇಟ್ಟುಕೊಂಡು ಕೇಳುವುದು? ಕೊನೆಗೆ ಮಾಡಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು "ಯಾವತ್ತು ಬರಬೇಕು?" ಅಂದರು.

ಬೆಂಗಳೂರು ಒನ್ ಕೇಂದ್ರಕ್ಕೆ ಬೈಕಿನಲ್ಲಿ ಬಂದರು. ಈಗ ಒಂದು ಗೋಡೌನಿನಲ್ಲಿ ಕೆಲಸವಂತೆ, ಅರ್ಧ ದಿನ ರಜೆ ಹಾಕಿ ಬಂದಿದ್ದರು. ಕ್ರಯಪತ್ರದಲ್ಲಿ ಇನಿಷಿಯಲ್ ಮಾತ್ರ ಇತ್ತು, ಆಧಾರಿನಲ್ಲಿ ಅಪ್ಪನ ಹೆಸರು ಪೂರ್ತಿ. ಹೊಂದಲಿಲ್ಲ. ಅಫಿಡವಿಟ್ ಮಾಡಿಸಬೇಕು ಅಂದರು ಕೇಂದ್ರದವರು. ಅವರು ಹತ್ತು ದಿನ ಬಿಟ್ಟು ಮತ್ತೆ ಬಂದರು, ಮತ್ತೆ ಅರ್ಧ ದಿನ ರಜೆ. ಕಂಪ್ಯೂಟರಿನ ಮುಂದಿದ್ದ ಹುಡುಗಿಗೆ ಒಂದೊಂದೇ ಅಂಕಿ ಓದಿ ಹೇಳಿದರು. ಅವಳು ಒಂದು ತಪ್ಪು ಒತ್ತಿದಳು, ಮತ್ತೆ ಕಳಿಸಿ ಮತ್ತೆ ಓದಿದರು.

ಆಮೇಲೆ ಟೀ ಕುಡಿಯುತ್ತಾ ನಿಂತೆವು. "ಡಿಆರ್‌ಟಿ ಅರ್ಜಿ ವಾಪಸ್ ತಗೊಂಡೆ" ಅಂದರು. ಯಾಕೆ ಅಂತ ನಾನು ಕೇಳಲಿಲ್ಲ, ಅವರೇ ಹೇಳಿದರು. "ಬ್ಯಾಂಕಿಂದ ಮೂರು ಲಕ್ಷದ ಹದಿನಾರು ಸಾವಿರ ವಾಪಸ್ ಬಂತು ಸರ್. ಅಸಲು, ಬಡ್ಡಿ, ಖರ್ಚು ಎಲ್ಲಾ ಕಳೆದು ಮಿಕ್ಕಿದ್ದು. ಅದರಲ್ಲೇ ಈಗಿನ ಮನೆಗೆ ಅಡ್ವಾನ್ಸ್ ಕೊಟ್ಟೆ."

ಸಾಲ ತೀರಿ ಮಿಕ್ಕ ಹಣ ಸಾಲಗಾರರಿಗೇ ಹೋಗಬೇಕು ಅನ್ನುವುದು ಕಾಯ್ದೆಯಲ್ಲೇ ಇದೆ. ನೋಟಿಸಿನಲ್ಲಿ ಬಾಕಿ ಎಷ್ಟು ಅಂತಲೂ ಬರೆದಿತ್ತು. ನಾನು ಆ ಸಾಲನ್ನು ಓದಿದ್ದೆ, ಆದರೆ ಅದಕ್ಕೂ ನನ್ನ ಬಿಡ್‌ಗೂ ಸಂಬಂಧ ಇದೆ ಅಂತ ಹೊಳೆದೇ ಇರಲಿಲ್ಲ. ಕೈಯಲ್ಲಿ ಟೀ ಲೋಟ ಹಿಡಿದುಕೊಂಡೇ ಲೆಕ್ಕ ಹಾಕಿದೆ. ಒಟ್ಟು ಬಾಕಿ 38,74,000. ಫೋನಿನವನಿಗೆ 50 ಸಾವಿರ ಕೊಟ್ಟು 38,65,000ಕ್ಕೆ ಮನೆ ಹೊಡೆದುಕೊಂಡಿದ್ದರೆ ಇವರ ಕೈಗೆ ಒಂದು ರೂಪಾಯಿಯೂ ಬರುತ್ತಿರಲಿಲ್ಲ. ಮೇಲಿಂದ ಒಂಬತ್ತು ಸಾವಿರ ಸಾಲ ಉಳಿಯುತ್ತಿತ್ತು. ನಾನು ಬೈಯುತ್ತಾ ಬೈಯುತ್ತಾ ಒತ್ತಿದ ಒಂದೊಂದು 25 ಸಾವಿರವೂ ಈ ಮನುಷ್ಯನ ಅಡ್ವಾನ್ಸಿಗೆ ಹೋಗಿತ್ತು. ಆ ಫೋನಿನ ವಿಷಯ ಅವರಿಗೆ ಹೇಳೋಣ ಅನ್ನಿಸಿತು. ಒಂದು ರಾತ್ರಿ ಯೋಚನೆ ಮಾಡಿದ್ದು ನೆನಪಾಗಿ ಹೇಳಲಿಲ್ಲ. ಟೀ ದುಡ್ಡು ನಾನು ಕೊಡಲು ಹೋದರೆ ಅವರು ಬಿಡಲಿಲ್ಲ.

ಗೌರಿ-ಗಣೇಶ ರಜೆ ಮುಗಿದು ಇ-ಖಾತಾ ಬಂದಿದ್ದು ಸೆಪ್ಟೆಂಬರ್ 2ಕ್ಕೆ. ಎರಡು ದಿನದ ಹಿಂದೆ, ಆಗಸ್ಟ್ 31ರಿಂದ, ರಾಜ್ಯದಲ್ಲಿ ನೋಂದಣಿ ಶುಲ್ಕ ನೂರಕ್ಕೆ 1ರಿಂದ 2ಕ್ಕೆ ಏರಿತ್ತು. ನನಗೆ 41,900 ಹೆಚ್ಚು. ಯಾರಿಗೆ ಬೈಯಲಿ? 45 ಲಕ್ಷದೊಳಗಿನ ಫ್ಲ್ಯಾಟಿಗೆ ಮುದ್ರಾಂಕ ಶುಲ್ಕ ಬರೀ 3 ಪರ್ಸೆಂಟ್ ಅಂತ ಸ್ನೇಹಿತರು ಹೇಳಿದ್ದರು. ಅದು ಬಿಲ್ಡರಿಂದ ಮೊದಲ ಸಲ ಮಾರಾಟವಾಗುವ ಫ್ಲ್ಯಾಟಿಗೆ. ನನಗೆ 5, ಅದರ ಮೇಲೆ ಸೆಸ್ಸು, ಸರ್‌ಚಾರ್ಜು ಸೇರಿ 5.6. ಒಟ್ಟು 3,18,440 ಕಟ್ಟಿದೆ. ಬಿಡ್ 50 ಲಕ್ಷ ಮುಟ್ಟಿದ್ದರೆ ಒಂದು ಪರ್ಸೆಂಟ್ ಟಿಡಿಎಸ್ ಹಿಡಿದು ಕಟ್ಟುವ ಕೆಲಸವೂ ನನ್ನದೇ ಆಗುತ್ತಿತ್ತು. ನಿಮ್ಮದು ಆ ಮಟ್ಟದ್ದಾದರೆ ಆಡಿಟರನ್ನು ಮೊದಲೇ ಕೇಳಿ.

ಬಿಡ್, ಶುಲ್ಕ, ಹಳೆಯ ಬಾಕಿಗಳು, ವಕೀಲರಿಗೆ 21,000, ಸಾಲದ ಖರ್ಚು 18,000 ಎಲ್ಲಾ ಸೇರಿ 46 ಲಕ್ಷ 24 ಸಾವಿರದ ಹತ್ತಿರ ಬಂತು. ಬಾಡಿಗೆ, ಒಡವೆ ಸಾಲದ ಬಡ್ಡಿ ಇದರಲ್ಲಿಲ್ಲ. 38 ಲಕ್ಷ ನೋಡಿ ಕುಣಿದಿದ್ದೆ.

ದಸರಾಕ್ಕೆ ಮುಂಚೆ ಹಾಲು ಉಕ್ಕಿಸಿದೆವು. ಬಾಲ್ಕನಿ ಬಾಗಿಲನ್ನು ಎತ್ತಿ ಹಿಡಿದು ಹಾಕುವುದು ಈಗ ಮಗಳಿಗೂ ಅಭ್ಯಾಸವಾಗಿದೆ. ಎಲೆಕ್ಟ್ರಿಷಿಯನ್ ನಾಳೆ ಬರ್ತೀನಿ ಅಂತ ಎರಡು ವಾರದಿಂದ ಹೇಳುತ್ತಿದ್ದಾನೆ. ಅಲ್ಲಿಯ ತನಕ ಬಚ್ಚಲಮನೆಯ ಬಾಗಿಲಲ್ಲಿ ಒಂದು ಜೊತೆ ರಬ್ಬರ್ ಚಪ್ಪಲಿ ಇಟ್ಟಿದ್ದೇವೆ.